ಬಿಸಿನೀರ ಊರಿಗೆ ಹೋದವಳು

ನಾಗಾನೊ ಸೀಮೆ, ಜಪಾನ್
22 ಡಿಸೆಂಬರ್ 1986

ಇವರಿಗೆ,

ಮೇಲೆ ಎಂತ ಬರೆಯುವುದು ಅಂತಲೇ ಹತ್ತು ನಿಮಿಷ ಕೂತೆ. ಮದುವೆಯಾದ ವರ್ಷ ನೀವು ಮಸ್ಕತ್ತಿನಲ್ಲಿ, ನಾನು ಕಾಪುವಿನಲ್ಲಿ ಇದ್ದಾಗ ಬರೆದದ್ದು ಬಿಟ್ಟರೆ ನಿಮಗೆ ಕಾಗದ ಬರೆಯುವ ಪ್ರಸಂಗ ಬರಲಿಲ್ಲವಲ್ಲ. ಮನೆಯಲ್ಲಿ ತುಳುವಿನಲ್ಲಿ ಮಾತಾಡುವವರು ನಾವು. ಪೆನ್ನು ಹಿಡಿದರೆ ಮಾತ್ರ ಶಾಲೆಯ ಕನ್ನಡ ಬರುತ್ತದೆ, ಯೂನಿಫಾರಂ ಹಾಕಿ ನಿಂತ ಹಾಗೆ.

ನಾವು ಸುಖವಾಗಿ ತಲುಪಿದೆವು. ಟೋಕಿಯೊದಿಂದ ರೈಲು, ಆಮೇಲೆ ಬಸ್ಸು. ಬಸ್ಸು ಗುಡ್ಡ ಹತ್ತುತ್ತಾ ಹೋದ ಹಾಗೆ ಹೊರಗೆ ಬಣ್ಣವೇ ಇಲ್ಲದಾಯಿತು. ಉಮ್ಮ್ ಸೈಫ್ ಕಿಟಕಿಗೆ ಹಣೆ ಒತ್ತಿ ನೋಡಿ, "ಇಷ್ಟು ಉಪ್ಪನ್ನು ಯಾರು ಸುರಿದರು?" ಅಂತ ಕೇಳಿದರು. ಮೊಮ್ಮಗ ಹಮೂದ್ ನಗಲಿಲ್ಲ. ಇಬ್ರಿಯ ಖರ್ಜೂರದ ತೋಟ ಬಿಟ್ಟು ಮಸ್ಕತ್ತಿಗೆ ಬರಲಿಕ್ಕೂ ಒಪ್ಪದಿದ್ದ ಅಜ್ಜಿ ಮಂಡಿ ನೋವಿಗೆ ಅಂತ ನರ್ಸನ್ನು ಕಟ್ಟಿಕೊಂಡು ಇಲ್ಲಿಯವರೆಗೆ ಬಂದದ್ದೇ ಅವನಿಗೆ ದೊಡ್ಡದು. ಅವನು ಟೋಕಿಯೊದಲ್ಲಿ ಕಾರಿನ ಕಂಪೆನಿಯ ತರಬೇತಿಯಲ್ಲಿ ಇದ್ದಾನೆ, ಶನಿವಾರ ಆದಿತ್ಯವಾರ ಮಾತ್ರ ಇಲ್ಲಿ. ಉಳಿದ ದಿನ ನಾನು, ಮಾಮಾ (ಉಮ್ಮ್ ಸೈಫರನ್ನು ನಾನೀಗ ಹಾಗೆಯೇ ಕರೆಯುವುದು, ಅಮ್ಮ ಅಂತ), ಮತ್ತೆ ಬಿಸಿನೀರು.

ಈ ಊರಿನಲ್ಲಿ ನೆಲದಿಂದಲೇ ಬಿಸಿನೀರು ಬರುತ್ತದೆ. ಚರಂಡಿಯಿಂದ ಹೊಗೆ ಏಳುತ್ತದೆ. ನಾವಿರುವ ಛತ್ರದಂಥ ಮನೆಯ ಯಜಮಾನಿ ತೋಮಿ ಎಂಬವರು, ಅರುವತ್ತು ದಾಟಿದವರು, ಸೊಪ್ಪು ಬೇಯಿಸುವುದು ಕೂಡ ಊರಿನ ಬಿಸಿಕೊಳದಲ್ಲಿಯೇ. ಮಾಮಾ ಮೊದಲ ದಿನ, "ಬಿಸಿನೀರು ನಮ್ಮ ರುಸ್ತಾಕಿನಲ್ಲೂ ಉಂಟು, ಅದಕ್ಕೆ ವಿಮಾನ ಯಾಕೆ?" ಅಂದರು. ಮೂರನೇ ದಿನ ಅವರೇ ಟವೆಲು ಹಿಡಿದು ಕಾದು ಕೂತಿದ್ದರು. ಅವರಿಗಾಗಿ ಒಳಗಿನ ಸಣ್ಣ ಕೊಳವನ್ನು ಬೇರೆ ಇಟ್ಟಿದ್ದಾರೆ. ನೀರಿನಲ್ಲಿ ಅವರ ಮಂಡಿ ಎರಡೂ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತದೆ. ನಾನು ತಿಕ್ಕುತ್ತೇನೆ, ಅವರು ಕಣ್ಣು ಮುಚ್ಚಿ ಏನೋ ಹಾಡುತ್ತಾರೆ.

ನನಗೆ ನಿದ್ರೆ ಚೆನ್ನಾಗಿ ಬರುತ್ತದೆ. ನಿಮ್ಮ ಬೂದು ಸ್ವೆಟರು ನನ್ನ ಮೈಗೆ ದೊಡ್ಡದಾದರೂ ಅದನ್ನೇ ಹಾಕುತ್ತೇನೆ. ಊಟಕ್ಕೆ ಎಂತ ಮಾಡುತ್ತೀರಿ, ಬರೆಯಿರಿ.

ಸ್ವರ್ಣಲತಾ


ಅಲ್ ಗುಬ್ರಾ, ಮಸ್ಕತ್
4 ಜನವರಿ 1987

ಪ್ರೀತಿಯ ಸ್ವರ್ಣ,

ನಿನ್ನ ಕಾಗದ ನಿನ್ನೆ ರುಸೈಲಿನ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂತು. ಹನ್ನೆರಡು ದಿನ ಹಿಡಿಯಿತು. ಸ್ಟೋರಿನಲ್ಲಿ ಪೈಂಟಿನ ಡಬ್ಬಗಳ ನಡುವೆ ನಿಂತು ಎರಡು ಸಲ ಓದಿದೆ. ಸ್ಟೋರ್‌ಕೀಪರ್ ಸೇಸಪ್ಪ ಕಾಗದ ಓದುತ್ತಾ ಟೀ ತಣಿಸಿದ ಅಂತ ಎಲ್ಲರೂ ತಮಾಷೆ ಮಾಡಿದರು.

ಊಟದ ಚಿಂತೆ ಬೇಡ. ಮಧ್ಯಾಹ್ನ ಕ್ಯಾಂಟೀನು. ಸಂಜೆ ಮೂಸಬ್ಬರ ಮನೆಯಿಂದ ಐಶಮ್ಮ ಏನಾದರೂ ಕಳಿಸುತ್ತಾರೆ. ಮೊನ್ನೆ ಪತ್ತಿರ್, ಅವರ ಅಕ್ಕಿ ರೊಟ್ಟಿ, ಕಳಿಸಿದ್ದರು. ಎದುರಿನ ಫ್ಲಾಟಿನಲ್ಲೇ ಇರುವವರನ್ನು ಬೇಡ ಅನ್ನುವುದು ಹೇಗೆ? ಅವರ ಮಗಳು ಲೈಲಾ ಇಲ್ಲಿಯೇ ಹೆತ್ತಳು, ಗಂಡು. ತೊಟ್ಟಿಲು ಕೇಳಿದರು. ಕೇಳಿದರು ಅಂತ ಅಲ್ಲ, ಐಶಮ್ಮ ಚಿಕ್ಕ ಕೋಣೆಯ ಬಾಗಿಲ ಹತ್ತಿರ ಒಮ್ಮೆ ನಿಂತರು ಅಷ್ಟೆ. ನಾನು ಕೊಟ್ಟೆ. ಆ ಕೋಣೆಗೆ ಸುಣ್ಣದ ಬಣ್ಣ ಹೊಡೆಸಿದೆ, ಫ್ಯಾಕ್ಟರಿಯಲ್ಲಿ ಉಳಿದ ಬಿಳಿ ಇತ್ತು. ನೀನು ಬರುವಾಗ ಬೆಳಕಾಗಿ ಇರಲಿ ಅಂತ.

ಇಲ್ಲಿ ಈಗ ಹವೆ ಒಳ್ಳೆಯದುಂಟು. ಬಾಲ್ಕನಿಯಿಂದ ಸಮುದ್ರದ ನೀರು ಸಿಹಿ ಮಾಡುವ ಕಾರ್ಖಾನೆಯ ಚಿಮಣಿ ನೋಡುತ್ತಾ ಕೂರುತ್ತೇನೆ. ಅದರ ಹೊಗೆಯೂ ನಿನ್ನ ಊರಿನ ಹೊಗೆಯೂ ಒಂದೇ ತರಹ ಇರಬಹುದು.

ನೀನು ಮಲಗಿ ಏಳುವುದು ಸರಿ ಉಂಟಲ್ಲ ಎಂಬುದೇ ನನಗೆ ಸಮಾಧಾನ. ಮೈ ನೋಡಿಕೋ. ನೀರಿನಲ್ಲಿ ತುಂಬ ಹೊತ್ತು ಇರಬೇಡ.

ಸೇಸಪ್ಪ


ನಾಗಾನೊ ಸೀಮೆ
9 ಜನವರಿ 1987

ಇವರಿಗೆ,

ನಿಮ್ಮ ಕಾಗದ ಇನ್ನೂ ಬರಲಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಾನು ಸ್ಕೀ ಮಾಡಿದೆ.

ಮಾಡಿದೆ ಅನ್ನುವುದು ದೊಡ್ಡ ಮಾತು. ಹೊಸ ವರ್ಷದ ರಜೆಯಲ್ಲಿ ಹಮೂದ್ ಬಂದಿದ್ದ. "ಸಿಸ್ಟರ್, ನೀವೂ ಬನ್ನಿ, ಮಕ್ಕಳ ಇಳಿಜಾರು ಉಂಟು" ಅಂದ. ತೋಮಿಯವರ ಸೊಸೆಯ ಉಬ್ಬಿದ ಪ್ಯಾಂಟನ್ನು ಚೂಡಿದಾರದ ಮೇಲೆಯೇ ಹಾಕಿಸಿದರು. ಕಾಲಿಗೆ ಎರಡು ಉದ್ದದ ಹಲಗೆ. ಮಾಮಾ ಕೆಳಗೆ ಬೆಂಚಿನಲ್ಲಿ ಮೂರು ಕಂಬಳಿ ಹೊದ್ದು, ಬುರ್ಖಾದ ಒಳಗಿನಿಂದ "ಯಲ್ಲಾ, ಯಲ್ಲಾ" ಅಂತ ಕೂಗುತ್ತಿದ್ದರು, ಒಂಟೆ ಓಟದಲ್ಲಿ ಕೂಗಿದ ಹಾಗೆ. ನಾನು ಹತ್ತು ಮಾರು ಜಾರಿರಬೇಕು. ನಿಲ್ಲಿಸುವುದು ಹೇಗೆಂದು ಹೇಳಿಕೊಟ್ಟದ್ದು ಮರೆತುಹೋಯಿತು. ಒಂದು ಶಾಲೆಯ ಮಕ್ಕಳ ಸಾಲು ಆಚೆ ಈಚೆ ಸರಿದು ದಾರಿ ಬಿಟ್ಟಿತು. ಕೊನೆಗೆ ಹಿಮದ ರಾಶಿಯೊಳಗೆ ಮಂಡೆ ಹೋಗಿ ಸಿಕ್ಕಿತು.

ಹಿಮದ ಒಳಗೆ ಶಬ್ದವೇ ಇಲ್ಲ, ಗೊತ್ತುಂಟ? ಮೆತ್ತಗೆ ನೀಲಿ ಬೆಳಕು. ಅಲ್ಲಿಯೇ ಸ್ವಲ್ಪ ಹೊತ್ತು ಇದ್ದುಬಿಡುವ ಅನ್ನಿಸಿತು. ಎಳೆದು ತೆಗೆದಾಗ ನಾನು ನಗುತ್ತಿದ್ದೆನಂತೆ. ಮಾಮಾ ಹೇಳಿದ್ದು. ನನಗೆ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ. ಬರೆಯಬೇಕೋ ಬೇಡವೋ ಅಂತ ಮೂರು ದಿನ ಇಟ್ಟುಕೊಂಡೆ. ಊರವರೆಲ್ಲ ಹೋಗುವ ಸ್ನಾನದ ಮನೆ ಮೂಲೆಮೂಲೆಗೆ ಉಂಟು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಒಳಗೆ ಯಾರ ಮೈಯಲ್ಲೂ ಬಟ್ಟೆ ಇರುವುದಿಲ್ಲ. ತೋಮಿಯವರು ಎಷ್ಟು ಕರೆದರೂ ನಾನು ಹೋಗಿರಲಿಲ್ಲ. ಸೋಮವಾರ ಹೋದೆ. ಹೊಗೆಯಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲ ಅಂತ ನೆನೆಸಿದ್ದೆ. ಆದರೆ ನನ್ನ ಪಕ್ಕ ಕೂತ ಒಬ್ಬ ಮುದುಕಿ ನನ್ನ ಹೊಟ್ಟೆಯ ಹೊಲಿಗೆಯ ಗುರುತನ್ನು ನೋಡಿದಳು. ಕಣ್ಣು ತಿರುಗಿಸಲಿಲ್ಲ. ಎದ್ದು ನಿಂತು, ತನ್ನ ಹೊಟ್ಟೆಯ ಹೊಲಿಗೆ ತೋರಿಸಿದಳು. ನನ್ನದು ಅಡ್ಡಕ್ಕೆ, ಅವಳದು ಮೇಲಿನಿಂದ ಕೆಳಕ್ಕೆ. ಆಮೇಲೆ ಒಂದು ತಂಬಿಗೆ ಬಿಸಿನೀರು ತೆಗೆದು ನನ್ನ ಬೆನ್ನಿಗೆ ಹೊಯ್ದಳು. ಅಷ್ಟೆ.

ಹದಿನಾಲ್ಕು ತಿಂಗಳಿಂದ ನಾನೇ ನೋಡದಿದ್ದದ್ದನ್ನು ಅವಳು ನೋಡಿದಳು.

ಇನ್ನು ಮಾಮಾಗೆ ಎಣ್ಣೆ ಹಚ್ಚುವ ಹೊತ್ತು.

ಸ್ವರ್ಣಲತಾ


ನಾಗಾನೊ ಸೀಮೆ
16 ಜನವರಿ 1987

ಇವರಿಗೆ,

ನಿಮ್ಮ ನಾಲ್ಕನೇ ತಾರೀಕಿನ ಕಾಗದ ನಿನ್ನೆ ಬೆಳಿಗ್ಗೆ ಸಿಕ್ಕಿತು. ಆಗಲೇ ಬರೆದಿದ್ದರೆ ಏನೇನೋ ಬರೆಯುತ್ತಿದ್ದೆ. ಈಗ ನಿಧಾನವಾಗಿ ಬರೆಯುತ್ತೇನೆ.

ನಿನ್ನೆ ಈ ಊರಿನ ಬೆಂಕಿ ಹಬ್ಬ, ಹಮೂದನಿಗೂ ರಜೆ. ಗಂಡಸರು ಕಾಡಿನಿಂದ ಮರ ಎಳೆದು ತಂದು ಎರಡು ಅಂತಸ್ತಿನ ಅಟ್ಟಳಿಗೆ ಕಟ್ಟುತ್ತಾರೆ. ಕತ್ತಲಾದ ಮೇಲೆ ಒಂದು ಗುಂಪು ಅದಕ್ಕೆ ಬೆಂಕಿ ಇಡಲು ನುಗ್ಗುತ್ತದೆ, ಇನ್ನೊಂದು ಗುಂಪು ಸೊಪ್ಪಿನ ಕೊಂಬೆಯಿಂದ ಹೊಡೆದು ತಡೆಯುತ್ತದೆ. ಕಿಡಿ ಹಿಮದ ಮೇಲೆ ಬಿದ್ದು ಆರುತ್ತದೆ. ಎಲ್ಲರೂ ಅಕ್ಕಿಯ ಹೆಂಡ ಕುಡಿದು, ಮುಖವೆಲ್ಲ ಮಸಿ. ಮಾಮಾಳನ್ನು ತೋಮಿಯವರ ಮಗ ಬೆನ್ನ ಮೇಲೆ ಹೊತ್ತು ಕರೆತಂದ. ಅವರು ಹೆದರಲಿಲ್ಲ. ಕೈಯಲ್ಲಿ ಜಪಮಣಿ ಎಣಿಸುತ್ತಾ ನೋಡಿದರು.

ಆ ವರ್ಷ ಚೊಚ್ಚಲ ಗಂಡುಮಗು ಹುಟ್ಟಿದ ಪ್ರತಿ ಮನೆಯವರು ಒಂದು ಎತ್ತರದ ದೀಪದ ಕಂಬ ಮಾಡಿ ತರುತ್ತಾರೆ. ಬಣ್ಣದ ಕಾಗದ, ಕೊಡೆ, ನೆಂಟರೆಲ್ಲ ಬರೆದುಕೊಟ್ಟ ಹಾರೈಕೆಯ ಚೀಟಿ. ತಿಂಗಳುಗಟ್ಟಲೆ ಮಾಡಿದ್ದನ್ನು ಕೊನೆಗೆ ಬೆಂಕಿಗೆ ಹಾಕುತ್ತಾರೆ, ಮಗು ಸುಖವಾಗಿರಲಿ ಅಂತ. ತೋಮಿಯವರ ಮೊಮ್ಮಗನದ್ದೂ ಇತ್ತು. ನಾನೂ ಆ ಕಾಗದ ಅಂಟಿಸಲಿಕ್ಕೆ ಕೂತವಳೇ. ಹೆಣ್ಣಾದರೆ ಕಂಬ ಇಲ್ಲವಂತೆ. ನಾನು ಹಮೂದನ ಹತ್ತಿರ, "ಹುಟ್ಟಿದ ಮಗು ಉಳಿಯದಿದ್ದರೆ ಏನು ಮಾಡುತ್ತಾರೆ, ಕೇಳು" ಅಂದೆ. ಅವನು ಕೆಂಪಾಗಿ, "ಹಬ್ಬದ ದಿನ ಅದನ್ನು ಹೇಗೆ ಕೇಳುವುದು ಸಿಸ್ಟರ್" ಅಂದ. ಕೇಳಲಿಲ್ಲ.

ನಾನು ನಿಮ್ಮನ್ನು ಕೇಳುತ್ತೇನೆ.

ತೊಟ್ಟಿಲು ಕೊಟ್ಟದ್ದು ತಪ್ಪಲ್ಲ. ಲೈಲಾಳ ಮಗು ಚೆನ್ನಾಗಿ ಮಲಗಲಿ. ಆದರೆ ಹೇಳದೆ ಕೊಟ್ಟಿರಿ. ಕೋಣೆಗೆ ಬಿಳಿ ಹೊಡೆಸಿ ಬೆಳಕು ಮಾಡಿದಿರಿ. ಆಸ್ಪತ್ರೆಯಲ್ಲೂ ಹಾಗೆಯೇ. ನನಗೆ ಎಚ್ಚರ ಬರುವ ಮೊದಲೇ ಎಲ್ಲವನ್ನೂ ಮುಗಿಸಿ ಬಂದು, "ನೋಡುವ ಹಾಗೆ ಇರಲಿಲ್ಲ" ಅಂದಿರಿ. ಆ ಮೂರು ಶಬ್ದ ನನ್ನ ಹತ್ತಿರ ಹದಿನಾಲ್ಕು ತಿಂಗಳಿಂದ ಉಂಟು. ನೋಡುವ ಹಾಗೆ ಇರಲಿಲ್ಲ ಅಂದರೆ ಹೇಗಿತ್ತು? ಕೈ ಇರಲಿಲ್ಲವಾ? ಮುಖ ಇರಲಿಲ್ಲವಾ? ನಾನು ನರ್ಸು, ಏನೇನು ನೋಡಿದ್ದೇನೆ ಅಂತ ನಿಮಗೆ ಗೊತ್ತುಂಟು. ನೋಡಿದ್ದನ್ನೆಲ್ಲ ಒಂದೊಂದಾಗಿ ಆ ಮಗುವಿಗೆ ಹಚ್ಚಿ ನೋಡಿದ್ದೇನೆ. ನನ್ನ ಹೊಟ್ಟೆ ಅಂಥದ್ದನ್ನೇ ಮಾಡುವುದು ಅಂತ ತೀರ್ಮಾನಿಸಿ ನಾನು ನಿಮ್ಮಿಂದ ದೂರ ಮಲಗಿದ್ದು. ನಿಮ್ಮ ಮೇಲೆ ಕೋಪದಿಂದ ಅಲ್ಲ.

ತುಳುವಿನಲ್ಲಿ ಇದು ಬಾಯಿಗೆ ಬರುತ್ತಿರಲಿಲ್ಲ. ನಿಜ ಬರೆಯಿರಿ. ಎಷ್ಟು ಕೆಟ್ಟದಾದರೂ ನಾನು ಓದುತ್ತೇನೆ.

ಸ್ವರ್ಣಲತಾ


ಅಲ್ ಗುಬ್ರಾ
20 ಜನವರಿ 1987

ಪ್ರೀತಿಯ ಸ್ವರ್ಣ,

ನಿನ್ನ ಒಂಬತ್ತನೇ ತಾರೀಕಿನ ಕಾಗದ ಬಂತು. ಸ್ಕೀ ಮಾಡಿದ್ದು ಓದಿ ಆಶ್ಚರ್ಯವಾಯಿತು. ಮೂಸಬ್ಬರಿಗೂ ಓದಿ ಹೇಳಿದೆ, ಆ ಒಂದು ಭಾಗ ಮಾತ್ರ. ಅವರು, "ನಿಮ್ಮ ಮನೆಯವರು ಇಲ್ಲಿ ನಕ್ಕದ್ದನ್ನು ನಾನು ಕಂಡಿಲ್ಲ" ಅಂದರು. ನಾನೂ ಕಾಣದೆ ತುಂಬ ದಿನವಾಯಿತು.

ಮೊನ್ನೆ ಹಮೂದನ ದೊಡ್ಡಪ್ಪ ಫೋನು ಮಾಡಿದ್ದರು. ಅಜ್ಜಿಗೆ ನಡೆಯಲಿಕ್ಕೆ ಆಗುತ್ತಿದೆಯಂತೆ, ಫೆಬ್ರವರಿಗೆ ಬದಲು ಏಪ್ರಿಲ್‌ವರೆಗೆ ಇರಲಿ ಅಂತ ಅವರ ಮನಸ್ಸು. ಸಿಸ್ಟರಿಗೆ ರಜೆ ನಾವೇ ಕ್ಲಿನಿಕ್ಕಿನಲ್ಲಿ ಕೇಳುತ್ತೇವೆ, ನಿಮ್ಮದೇನು ಅಭ್ಯಂತರ ಅಂತ ಕೇಳಿದರು. ನನ್ನದೇನೂ ಇಲ್ಲ ಅಂದೆ.

ಅಲ್ಲಿ ನಿನಗೆ ಹಿತವಾಗುತ್ತಿದ್ದರೆ ಇರು. ಇಲ್ಲಿ ಬಂದು ಮಾಡಲಿಕ್ಕೆ ಅವಸರದ್ದು ಏನೂ ಇಲ್ಲ.

ಸೇಸಪ್ಪ


ಅಲ್ ಗುಬ್ರಾ
30 ಜನವರಿ 1987

ಸ್ವರ್ಣ,

ನಿನ್ನ ಹದಿನಾರನೇ ತಾರೀಕಿನ ಕಾಗದ ನಿನ್ನೆ ಕೈಗೆ ಬಂತು. ಅದಕ್ಕಿಂತ ಮೊದಲು ನಾನು ಬರೆದದ್ದು ಈಗ ದಾರಿಯಲ್ಲಿ ಎಲ್ಲೋ ಇರಬೇಕು. ಅದು ಬಂದರೆ ಹರಿದುಬಿಡು. ನೀನು ಅಲ್ಲಿ ನಗುತ್ತಿ, ಇಲ್ಲಿ ನನ್ನ ಜೊತೆ ನಗುವುದಿಲ್ಲ, ಅಷ್ಟೇ ನನ್ನ ಮಂಡೆಗೆ ಹೋದದ್ದು. ಹೊಲಿಗೆಯ ಗುರುತಿನ ಮಾತು ಓದಿಯೂ ಓದದವನ ಹಾಗೆ ಮಾಡಿದೆ.

ಇವತ್ತು ಶುಕ್ರವಾರ. ಬೆಳಿಗ್ಗೆಯಿಂದ ಬರೆದು ಹರಿಯುವುದೇ ಆಯಿತು. ಈಗ ನೇರ ಹೇಳುತ್ತೇನೆ.

ಮಗುವಿಗೆ ಕೈ ಇತ್ತು, ಕಾಲಿತ್ತು, ಎಲ್ಲ ಇತ್ತು. ಹತ್ತು ಬೆರಳು, ಉಗುರು ಸಹ. ತಲೆ ತುಂಬ ಕೂದಲು, ಒದ್ದೆಯಾಗಿ ಹಣೆಗೆ ಅಂಟಿತ್ತು. ಮೂಗು ನಿನ್ನ ಅಮ್ಮನದ್ದು. ಎಡಗಿವಿಯ ತುದಿ ಸ್ವಲ್ಪ ಮಡಚಿತ್ತು, ನನ್ನದರ ಹಾಗೆ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡದ್ದು ಬಿಟ್ಟರೆ ಬೇರೆ ದೋಷ ಇಲ್ಲ, ಯಾರ ತಪ್ಪೂ ಅಲ್ಲ, ನಿನ್ನದಂತೂ ಅಲ್ಲವೇ ಅಲ್ಲ, ಅಂತ ಡಾಕ್ಟರಮ್ಮ ನನಗೆ ಎರಡೆರಡು ಸಲ ಹೇಳಿದರು. ನಿನಗೆ ಹೇಳಲು ನನ್ನ ಹತ್ತಿರ ಬಿಟ್ಟರು. ನಾನು ಹೇಳಲಿಲ್ಲ.

ಒಂದು ಗಂಟೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಭಾರ ಇತ್ತು. ಸತ್ತ ಮಗು ಅಂತ ಅನ್ನಿಸಲಿಲ್ಲ, ಹಾಲು ಕುಡಿದು ಮಲಗಿದ ಮಗು ಅನ್ನಿಸಿತು. ಮೂಸಬ್ಬರು ಗಾಡಿ ತಂದರು. ಊರಾಚೆ ನಮ್ಮವರಿಗೆ ಬಿಟ್ಟ ಜಾಗದಲ್ಲಿ ನಾವಿಬ್ಬರೇ ಮಣ್ಣು ಮಾಡಿದೆವು. ಆ ನೆಲ ಗಟ್ಟಿ, ಹಾರೆ ಹಾಕಿದರೆ ಕಿಡಿ ಬರುತ್ತದೆ. ಮೂಸಬ್ಬರು ತನ್ನ ಹೊಸ ಶಾಲು ಹಾಸಿದರು.

ನಿನಗೆ ಮೂರು ದಿನ ಜ್ವರ. ಎದ್ದ ಕೂಡಲೇ ನೀನು ಮಗು ತೋರಿಸಿ ಅಂದಿ. ಎಲ್ಲಿಂದ ತೋರಿಸಲಿ? ಅಷ್ಟು ಚಂದ ಇತ್ತು ಅಂದರೆ ನೀನು ಮಣ್ಣು ಅಗೆಯಲಿಕ್ಕೆ ಹೋಗುತ್ತಿದ್ದಿ ಅನ್ನಿಸಿತು. ನೋಡುವ ಹಾಗೆ ಇರಲಿಲ್ಲ ಅಂದರೆ ನೀನು ಮತ್ತೆ ಕೇಳಲಿಕ್ಕಿಲ್ಲ ಅಂತ ಆ ಕ್ಷಣ ಬಾಯಿಗೆ ಬಂದದ್ದನ್ನು ಹೇಳಿದೆ. ನೀನು ನಿಜವಾಗಿಯೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ದಿನ ಹೋದ ಹಾಗೆ ಸುಳ್ಳಿಗೆ ಬೇರು ಬಂತು. ನಿನ್ನೊಳಗೆ ಅದು ಹೀಗೆ ಬೆಳೆದೀತು ಅಂತ ನನಗೆ ಹೊಳೆಯಲಿಲ್ಲ. ನೀನು ದೂರ ಮಲಗಿದ್ದು ನನ್ನ ಮುಖ ಕಂಡರೆ ಆಗದೆ ಅಂತಲೇ ನಾನು ತಿಳಿದದ್ದು.

ಶುಕ್ರವಾರ ಮುತ್ರಾದ ಮೀನು ಮಾರ್ಕೆಟಿಗೆ ಅಂತ ಹೋಗುತ್ತಿದ್ದೆನಲ್ಲ. ಮೊದಲು ಮಗುವನ್ನು ಮಣ್ಣು ಮಾಡಿದಲ್ಲಿಗೆ ಹೋಗಿ ಆಮೇಲೆ ಮಾರ್ಕೆಟಿಗೆ ಹೋಗುತ್ತಿದ್ದೆ. ತಡವಾಗಿ ಹೋದವನಿಗೆ ಒಳ್ಳೆಯ ಮೀನು ಸಿಗುವುದಿಲ್ಲ. ಹಾಳು ಮೀನು ತಂದಿರಿ ಅಂತ ನೀನು ಬೈಯುತ್ತಿದ್ದದ್ದು ಸರಿಯೇ.

ಆಸ್ಪತ್ರೆಯ ಫಾರಮಿನಲ್ಲಿ ಹೆಸರು ಕೇಳಿದರು. ಖಾಲಿ ಬಿಡಬಹುದು ಅಂದರು. ಖಾಲಿ ಬಿಡಲು ಮನಸ್ಸು ಬರಲಿಲ್ಲ. ನನ್ನನ್ನು ಸಾಕಿದ ಅಜ್ಜಿಯ ಹೆಸರು ಬರೆದೆ. ಅಪ್ಪಿ. ನಿನ್ನನ್ನು ಕೇಳದೆ ಮಾಡಿದ ಇನ್ನೊಂದು ಕೆಲಸ.

ಇದಕ್ಕೆ ನೀನು ಏನು ಬರೆದರೂ ನಾನು ಓದುತ್ತೇನೆ.

ಸೇಸಪ್ಪ


ನಾಗಾನೊ ಸೀಮೆ
2 ಫೆಬ್ರವರಿ 1987

ಇವರಿಗೆ,

ನಿಮ್ಮ ಇಪ್ಪತ್ತನೇ ತಾರೀಕಿನ ಕಾಗದ ಸಿಕ್ಕಿತು. ನಾನು ಕೇಳಿದ್ದಕ್ಕೆ ಉತ್ತರ ಅದರಲ್ಲಿ ಇರಲಿಲ್ಲ. ನನ್ನ ಕಾಗದ ತಲುಪಿತೋ, ತಲುಪಿಯೂ ಸುಮ್ಮನಿದ್ದೀರೋ ಗೊತ್ತಿಲ್ಲ.

ಏಪ್ರಿಲ್‌ವರೆಗೆ ಇರುತ್ತೇನೆ ಅಂತ ಹಮೂದನಿಗೆ ಹೇಳಿದ್ದೇನೆ. ಹಿಮ ಮನೆಯ ಮಾಡಿನ ತನಕ ಬಂದಿದೆ. ಕೆಳಗಿನ ಕಿಟಕಿಗಳಲ್ಲಿ ಬೆಳಕಿಲ್ಲ.

ಸ್ವರ್ಣಲತಾ


ನಾಗಾನೊ ಸೀಮೆ
12 ಫೆಬ್ರವರಿ 1987

ಇವರಿಗೆ,

ನಿನ್ನೆ ಮಧ್ಯಾಹ್ನ ಅಂಚೆಯವನು ಸ್ಕೀ ಹಾಕಿಕೊಂಡೇ ಬಂದ. ಕಾಗದದ ದಪ್ಪ ನೋಡಿ ಒಡೆಯಲು ಹೆದರಿ, ಕೆಳಗೆ ಒಲೆ ಇರುವ ಇಲ್ಲಿಯ ಗಿಡ್ಡ ಮೇಜಿನಡಿ ಕಾಲಿಟ್ಟುಕೊಂಡು ಕೂತೆ. ಓದಿದೆ. ಮತ್ತೆ ಓದಿದೆ. ಉಗುರು ಸಹ ಅಂತ ಬರೆದ ಜಾಗಕ್ಕೆ ಬಂದಾಗ ನನ್ನಿಂದ ಒಂದು ಶಬ್ದ ಬಂತು. ಪಕ್ಕದ ಕೋಣೆಯಿಂದ ಮಾಮಾ ಕೋಲು ಊರದೆ ನಡೆದು ಬಂದರು. ಅವರು ಕೋಲಿಲ್ಲದೆ ನಡೆದದ್ದು ಇಬ್ಬರಿಗೂ ಆಮೇಲೆ ಗೊತ್ತಾದದ್ದು.

ನನ್ನ ಹರಕು ಅರಬಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಮುಖ ಮುಚ್ಚುವ ಬುರ್ಖಾ ತೆಗೆದಿಟ್ಟರು. "ನಾನು ಹನ್ನೊಂದು ಹೆತ್ತೆ, ನಾಲ್ಕು ಮಣ್ಣಿನಲ್ಲಿ" ಅಂದರು. ನಾಲ್ಕರ ಹೆಸರನ್ನೂ ಹೇಳಿದರು, ಒಂದೊಂದಕ್ಕೂ ಒಂದು ಬೆರಳು ಮಡಚಿ. "ನಿನ್ನದರ ಹೆಸರೇನು?" ಕೇಳಿದರು.

ಅಪ್ಪಿ, ಅಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು.

ಅವರ ನಾಲಗೆಗೆ 'ಪ' ಬರುವುದಿಲ್ಲ. "ಅಬ್ಬಿ" ಅಂದರು. ಟೀ ತಂದ ತೋಮಿಯವರಿಗೆ ಏನು ಅರ್ಥವಾಯಿತೋ, ಅವರೂ ಮಂಡಿಯೂರಿ ಕೂತು, "ಅಪ್ಪಿ-ಚಾನ್" ಅಂತ ಮೆಲ್ಲಗೆ ಹೇಳಿದರು. ಇಲ್ಲಿ ಸಣ್ಣ ಮಕ್ಕಳನ್ನು ಹಾಗೆ ಕರೆಯುವುದು. ಮೂರು ಹೆಂಗಸರು, ಹೊರಗೆ ಹಿಮ ಬೀಳುತ್ತಲೇ ಇತ್ತು. ಟೀ ಮೂರು ಸಲ ಬಿಸಿ ಮಾಡಿದರು.

ಸಂಜೆ ಊರಿನ ಸ್ನಾನದ ಮನೆಗೆ ಹೋದೆ. ಯಾರೂ ಇರಲಿಲ್ಲ. ನೀರಿನಲ್ಲಿ ಕೂತು ಆ ಗುರುತಿನ ಮೇಲೆ ಕೈ ಇಟ್ಟೆ. ಇಷ್ಟು ದಿನ ಕೆಟ್ಟದ್ದು ಹೊರಬಂದ ಬಾಗಿಲು ಅಂತ ತಿಳಿದಿದ್ದೆ. ಹತ್ತು ಬೆರಳಿನ, ಮಡಚಿದ ಕಿವಿಯ ನನ್ನ ಮಗಳು ಅಲ್ಲಿಂದ ಬಂದವಳು. ತುಂಬ ಅತ್ತೆ. ಹಿತವಾಗಿತ್ತು. ಮಾಡಿನ ಸಂದಿನಿಂದ ಹಿಮದ ಚೂರು ಬಂದು ನೀರು ಮುಟ್ಟುವ ಮೊದಲೇ ಇಲ್ಲವಾಗುತ್ತಿತ್ತು.

ನಿಮ್ಮ ಮೇಲೆ ಕೋಪ ಇಲ್ಲವಾ ಅಂದರೆ, ಉಂಟು. ಹದಿನಾಲ್ಕು ತಿಂಗಳು ಸಣ್ಣದಲ್ಲ. ನೀವು ಒಬ್ಬರೇ ಎತ್ತಿಕೊಂಡಿರಿ, ನಾನಿಲ್ಲದೆ ಮಣ್ಣು ಮಾಡಿದಿರಿ, ಒಬ್ಬರೇ ಹೋಗಿ ಬಂದಿರಿ. ನನ್ನ ಪಾಲನ್ನೂ ನೀವೇ ಇಟ್ಟುಕೊಂಡಿರಿ. ಬಂದ ಮೇಲೆ ಅದಕ್ಕೆ ಜಗಳ ಮಾಡುತ್ತೇನೆ, ತುಳುವಿನಲ್ಲಿ. ನೀವು ಎದ್ದು ಬಾಲ್ಕನಿಗೆ ಹೋಗಬಾರದು.

ಆದರೆ ಆ ಗಟ್ಟಿ ನೆಲದಲ್ಲಿ ಹಾರೆ ಹಿಡಿದ ನಿಮ್ಮನ್ನು ಇವತ್ತು ಬೆಳಗಿನಿಂದ ನೋಡುತ್ತಾ ಇದ್ದೇನೆ. ಆಗ ನಿಮ್ಮ ಜೊತೆ ನಾನು ಇರಬೇಕಿತ್ತು.

ಇವತ್ತು ಬೆಳಿಗ್ಗೆ ಮಾಮಾ ಹಮೂದನಿಗೆ ಫೋನು ಮಾಡಿಸಿ, "ನನ್ನ ಮಂಡಿ ಗುಣವಾಯಿತು, ಖಲಾಸ್, ಟಿಕೇಟು ಮಾಡು" ಅಂದರು. ಅವನು ಏಪ್ರಿಲ್ ಅಂದ. "ಏಪ್ರಿಲಿನಲ್ಲಿ ನೀನು ಬೇಕಾದರೆ ಬಾ, ನಾವು ಹೊರಟೆವು" ಅಂತ ಫೋನು ಇಟ್ಟರು. ನನಗಾಗಿ ಮಾಡಿದ್ದು ಅಂತ ಹೇಳಲಿಲ್ಲ. ಖರ್ಜೂರದ ತೋಟಕ್ಕೆ ನೀರು ಬಿಡುವವರು ಸರಿಯಿಲ್ಲ ಅಂತ ಹೇಳಿದರು.

ಇಪ್ಪತ್ತೇಳನೇ ತಾರೀಕು, ಶುಕ್ರವಾರ, ಬೆಳಿಗ್ಗೆ ಸೀಬಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇವೆ. ಮಾಮಾಳನ್ನು ಕರೆದುಕೊಂಡು ಹೋಗಲು ಇಬ್ರಿಯಿಂದ ಗಾಡಿ ಬರುತ್ತದೆ. ನೀವು ಟ್ಯಾಕ್ಸಿಯಲ್ಲಿ ಬನ್ನಿ. ಮನೆಗೆ ಆಮೇಲೆ ಹೋಗುವ. ಮೊದಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮಣ್ಣು ಮಾಡಿದ ಗುರುತು ತೋರಿಸಿ, ಸ್ವಲ್ಪ ದೂರ ಹೋಗಿ ನಿಲ್ಲಿ. ಕರೆದಾಗ ಬನ್ನಿ.

ಅಪ್ಪಿ ಒಳ್ಳೆಯ ಹೆಸರು. ನಿಮ್ಮ ಅಜ್ಜಿಯನ್ನು ನಾನು ನೋಡಿಲ್ಲ, ಆದರೂ ಒಪ್ಪಿದೆ. ನಿಮಗೆ ಗೊತ್ತಿಲ್ಲ, ಐದನೇ ತಿಂಗಳಿನಲ್ಲಿ ಒದೆಯಲು ಸುರು ಮಾಡಿದಾಗ ನಾನೂ ಒಂದು ಹೆಸರು ಇಟ್ಟಿದ್ದೆ. ನೀವು ಫ್ಯಾಕ್ಟರಿಗೆ ಹೋದ ಮೇಲೆ ಆ ಹೆಸರು ಹಿಡಿದು ಅವಳ ಹತ್ತಿರ ಮಾತಾಡುತ್ತಿದ್ದೆ. ಅವಳಿಗೆ ಅದು ಗೊತ್ತುಂಟು. ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಿಂತು ಹೇಳುತ್ತೇನೆ, ನೀವೂ ಕೇಳಿಸಿಕೊಳ್ಳಿ.

ಸ್ವರ್ಣ